ಹೊಸ್ತಿಲ ಮಾತು: ಆಕಾಶನೌಕೆಯ ಉಪ್ಪಿನ ಡಬ್ಬಿ



ಹೋದ ಸಂಚಿಕೆಯಲ್ಲಿ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಂದು ಅಟ್ಟದ ಮೇಲಿನ ಮಾತನ್ನೇ ಆಡಿದ್ದಾಯಿತು. ಈ ಸಲ ಅಟ್ಟಕ್ಕಿಂತ ಸ್ವಲ್ಪ ಮೇಲೆ, ಆಕಾಶಕ್ಕೇ ಹೋಗಿ ಬರೋಣ ಅಂತ. "ಇವರಿಗೇನಾಯ್ತು ಮಾರಾಯ್ತಿ, ವಯಸ್ಸಾದ ಮೇಲೆ!" ಎಂದು ನಗಬೇಡಿ. ನಾವು ಹೋಗುವುದು ಅಡುಗೆಮನೆಯ ಬಾಗಿಲಿನಿಂದಲೇ. ವಾಪಸು ಬರುವುದೂ ಅಲ್ಲಿಗೇ. ಮಧ್ಯೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನಲವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದು.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಒಟ್ಟು ಸಂಸಾರ. ಭಾವನವರಿಗೆ ಪಾಳಿಯ ಕೆಲಸ, ಕಾರ್ಖಾನೆಯ ಸೈರನ್ನೇ ನಮ್ಮ ಗಡಿಯಾರ. ಅದು ಕೂಗಿದರೆ ಹಾಲು ಒಲೆಗೆ, ಮತ್ತೊಮ್ಮೆ ಕೂಗಿದರೆ ಅನ್ನಕ್ಕೆ ನೀರು. ಹೊತ್ತು ಕಳೆಯಲು ಭದ್ರಾವತಿ ಆಕಾಶವಾಣಿ ಇತ್ತು. ಹಾಡು, ನಾಟಕ, ಎಲ್ಲಾ ಅದರಲ್ಲೇ. ಅಷ್ಟರಲ್ಲಿ ಮನೆಗೆ ಟಿ.ವಿ. ಬಂತು. ಕಪ್ಪು-ಬಿಳುಪು, ಮುಂದೆ ಎಳೆಯುವ ಮರದ ಶಟರು. ಮಾಡಿನ ಮೇಲಿನ ಆಂಟೆನಾ ತಿರುಗಿಸಲು ಒಬ್ಬ ಹುಡುಗ, "ಬಂತು, ಬಂತು, ಹೋಯ್ತು" ಎಂದು ಕೂಗಲು ಇನ್ನೊಬ್ಬ.

ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಧಾರಾವಾಹಿ ಬರುತ್ತಿತ್ತು. ನೆನಪಿದೆಯೇ? 'ಎಂಟರ್‌ಪ್ರೈಸ್' ಎಂಬ ಆಕಾಶನೌಕೆ. ಅದಕ್ಕೆ ಕರ್ಕ್ ಎಂಬ ಕ್ಯಾಪ್ಟನ್. ಪಕ್ಕದಲ್ಲಿ ಚೂಪು ಕಿವಿಯ, ನಗದ, ಅಳದ ಸ್ಪಾಕ್ ಎಂಬ ಅಧಿಕಾರಿ. ಇಂಗ್ಲಿಷು ಯಾರಿಗೂ ನೆಟ್ಟಗೆ ಅರ್ಥವಾಗುತ್ತಿರಲಿಲ್ಲ. ಆದರೂ ನಮ್ಮ ಸಾಲಿನ ಹದಿನೈದು ಮಕ್ಕಳು ಹಾಲಿನಲ್ಲಿ ಚಾಪೆ ಹಾಸಿಕೊಂಡು ಬಾಯಿ ಬಿಟ್ಟು ಕೂತಿರುತ್ತಿದ್ದವು.

ನಾವು ಹೆಂಗಸರು? ನಾನು ಮತ್ತು ನನ್ನ ಓರಗಿತ್ತಿ, ಮನೆಯ ಹಿರಿಸೊಸೆ ದೊಡ್ಡಕ್ಕ, ಒಳಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆವು. ಹದಿನೈದು ಮಕ್ಕಳಿಗೂ ಹೊಟ್ಟೆ ಇರುತ್ತದಲ್ಲ! ಹಾಗಾಗಿ ಇಡೀ ಸ್ಟಾರ್ ಟ್ರೆಕ್ಕನ್ನು ನಾವು ಕಿವಿಯಿಂದಲೇ ನೋಡಿದ್ದು. 'ಸ್ಸುಯ್ಯ್' ಎಂದು ಬಾಗಿಲು ತೆಗೆಯುವ ಸದ್ದು ಬಂದರೆ ದೊಡ್ಡಕ್ಕ ರೊಟ್ಟಿ ಮಗುಚುತ್ತಾ ಕೂಗುತ್ತಿದ್ದರು: "ಈಗ ಎಂತಾಯ್ತೋ? ಆ ಕಿವಿಯವ ಬದುಕಿದನೋ ಇಲ್ವೋ?" ಯಾವನಾದರೊಬ್ಬ ಹುಡುಗ ಓಡಿ ಬಂದು ಕಥೆ ಒಪ್ಪಿಸಿ, ರೊಟ್ಟಿ ಒಯ್ಯುತ್ತಿದ್ದ. ಅವನು ಹೇಳಿದ್ದು ಅರ್ಧ, ದೊಡ್ಡಕ್ಕ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದು ಅರ್ಧ.

ಈಗ ನಾನಿರುವುದು ಶಿವಮೊಗ್ಗದಲ್ಲಿ, ಮಗನ ಮನೆಯಲ್ಲಿ. ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಒಂದು ಮಳೆಯ ಸಂಜೆ ಕರೆಂಟಿಲ್ಲದೆ ಕೂತಿದ್ದಾಗ ಈ ಹಳೆಯ ಕಥೆ ಹೇಳಿದೆ. ಅವಳು ತಕ್ಷಣ ಫೋನಿನಲ್ಲಿ ಆ ಧಾರಾವಾಹಿಯನ್ನೇ ಹುಡುಕಿ ತೋರಿಸಿದಳು. ಅಂತೂ ನಲವತ್ತು ವರ್ಷದ ಮೇಲೆ ಕಣ್ಣಾರೆ ನೋಡಿದೆ! ಅದೂ ಬಣ್ಣದಲ್ಲಿ. ಆ ಕ್ಯಾಪ್ಟನ್ನನ ಅಂಗಿ ಹಳದಿ ಎಂದು ನನಗೆ ಗೊತ್ತೇ ಇರಲಿಲ್ಲ.

ಕಥೆ ಮುಗಿದ ಮೇಲೆ ಹೆಸರುಗಳು ಬಂದವು. ಹೆಂಗಸರಿಗೆ ಒಂದು ಚಟ ನೋಡಿ, ಮದುವೆ ಮನೆಯಲ್ಲಿ ಅಡುಗೆ ಯಾರದು ಎಂದು ಕೇಳದೆ ಕೈತೊಳೆಯುವುದಿಲ್ಲ. "ಇದನ್ನೆಲ್ಲ ಮಾಡಿದ್ದು ಯಾರೇ?" ಎಂದು ಕೇಳಿದೆ. ಅವಳು ಹುಡುಕುತ್ತಾ ಹೋದಳು, ನಾನು ಕೇಳುತ್ತಾ ಹೋದೆ. ರಾತ್ರಿ ಹನ್ನೊಂದಾಯಿತು. ಅದರಲ್ಲಿ 1966 ಎಂಬ ಒಂದು ವರ್ಷದ ಕಥೆಯನ್ನು ನಿಮಗೆ ಹೇಳಲೇಬೇಕು. ತೆರೆಯ ಮುಂದಿನದಲ್ಲ, ಹಿಂದಿನದು.

ದುಡ್ಡಿಲ್ಲದ ಮನೆಯ ಜಾಣತನ

ಸ್ಟಾರ್ ಟ್ರೆಕ್ ಅಮೆರಿಕದ ಎನ್.ಬಿ.ಸಿ. ವಾಹಿನಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಅಲ್ಲಿಂದ ಇಲ್ಲಿಯವರೆಗೆ ಅದೇ ವಂಶದಲ್ಲಿ ಹತ್ತಕ್ಕೂ ಹೆಚ್ಚು ಧಾರಾವಾಹಿಗಳು ಹುಟ್ಟಿವೆ. 2016ರ ಹೊತ್ತಿಗೆ 13 ಸಿನಿಮಾಗಳೂ ಬಂದಿದ್ದವು. ಹುಟ್ಟಿದ ದಿನದಿಂದ ಎಣಿಸಿದರೆ 2026ಕ್ಕೆ ಅರವತ್ತು ತುಂಬುತ್ತದೆ. ಷಷ್ಟ್ಯಬ್ದಿ! ಇಷ್ಟು ದೊಡ್ಡ ವಂಶದ ಮೂಲದ ಮನೆ ಹೇಗಿತ್ತು ಅಂತೀರಿ? ನಮ್ಮ ನಿಮ್ಮ ಹಾಗೆ, ತಿಂಗಳ ಕೊನೆಯಲ್ಲಿ ಡಬ್ಬಿ ತಡಕುವ ಮನೆ.

ಆಕಾಶನೌಕೆಯ ಆ 'ಸ್ಸುಯ್ಯ್' ಬಾಗಿಲಿಗೆ ಯಂತ್ರವೇ ಇರಲಿಲ್ಲ. ಮರೆಯಲ್ಲಿ ನಿಂತ ಆಳುಗಳು ಹಗ್ಗ ಹಿಡಿದು ಎಳೆಯುತ್ತಿದ್ದರು. ಸದ್ದನ್ನು ಆಮೇಲೆ ಸೇರಿಸಿದ್ದು. ಒಂದೊಂದು ಸಲ ಎಳೆಯುವವನು ತಡಮಾಡಿದರೆ ನಟರು ಹೋಗಿ ಬಾಗಿಲಿಗೇ ಮೂಗು ಜಜ್ಜಿಸಿಕೊಳ್ಳಬೇಕು.

ಪ್ರತಿ ವಾರ ನೌಕೆಯನ್ನು ಬೇರೆ ಬೇರೆ ಗ್ರಹಗಳಲ್ಲಿ ಇಳಿಸಿ ತೋರಿಸಲು ದುಡ್ಡು ಸಾಲದು. ಅದಕ್ಕೇ ಮನುಷ್ಯರು ಮಿಣಮಿಣ ಮಿಂಚಿ ಮಾಯವಾಗಿ, ಇನ್ನೊಂದು ಕಡೆ ಪ್ರತ್ಯಕ್ಷವಾಗುವ ಉಪಾಯ ಹೂಡಿದರು. ಲೋಕವೆಲ್ಲ ಬೆರಗಾದ ಆ ಮಿಂಚು ಏನು ಗೊತ್ತೇ? ಪ್ರಖರ ಬೆಳಕಿನಲ್ಲಿ ಅಲ್ಯೂಮಿನಿಯಂ ಪುಡಿ ಉದುರಿಸಿ ಚಿತ್ರ ತೆಗೆದದ್ದು, ಅಷ್ಟೇ.

ಇನ್ನು ಉಪ್ಪಿನ ಡಬ್ಬಿಯ ಕಥೆ ಕೇಳಿ. ಮೊದಲು ಪ್ರಸಾರವಾದ ಕಂತಿನಲ್ಲಿ ಮನುಷ್ಯರ ಮೈಯ ಉಪ್ಪನ್ನೇ ಹೀರಿ ಬದುಕುವ ಒಂದು ಪ್ರಾಣಿ ಬರುತ್ತದೆ. ಅದಕ್ಕೆ ಆಸೆ ಹುಟ್ಟಿಸಲು ಉಪ್ಪಿನ ಡಬ್ಬಿ ಬೇಕಾಯಿತು. ಮುಂದಿನ ಶತಮಾನಗಳ ಕಥೆಯಲ್ಲವೇ, ಡಬ್ಬಿಯೂ ವಿಚಿತ್ರವಾಗಿರಲಿ ಎಂದು ಸಾಮಾನು ಹೊಂದಿಸುವವರು ಅಂಗಡಿ ಅಲೆದು ಹೊಸ ನಮೂನೆಯ ಡಬ್ಬಿಗಳನ್ನು ತಂದರು. ತಂದ ಮೇಲೆ ನೋಡಿದರೆ, ಅದು ಉಪ್ಪಿನ ಡಬ್ಬಿ ಎಂದು ನೋಡುವವರಿಗೆ ತಿಳಿಯುವುದೇ ಕಷ್ಟ! ಕೊನೆಗೆ ಎಲ್ಲರ ಮನೆಯಲ್ಲಿರುವಂಥ ಮಾಮೂಲು ಡಬ್ಬಿಯನ್ನೇ ಇಟ್ಟರು. ತಂದದ್ದನ್ನು ಬಿಸಾಡಿದರೇ? ಇಲ್ಲ. ನೌಕೆಯ ಡಾಕ್ಟರ ಕೈಗೆ ಕೊಟ್ಟರು. ಆ ಡಾಕ್ಟರ ಕೈಯಲ್ಲಿ 'ಉಪಕರಣ' ಇರುತ್ತದಲ್ಲ, ಅದು ಆ ಉಪ್ಪಿನ ಡಬ್ಬಿಯೇ!

ಇದನ್ನು ಕೇಳಿ ನಾನು ಎಷ್ಟು ನಕ್ಕೆನೆಂದರೆ ಮೊಮ್ಮಗಳು ನೀರು ತಂದುಕೊಟ್ಟಳು. ಹಳೇ ಸೀರೆಯಲ್ಲಿ ಕೌದಿ, ಹರಿದ ಕೌದಿಯಲ್ಲಿ ಕಾಲೊರಸು ಮಾಡಿದ ನಮಗೆ ಇದು ಹೊಸತೇ? (ನಡುವೆ ಒಂದು ಮಾತು. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಪುಡಿಯುಪ್ಪು ನೀರೊಡೆಯುತ್ತದಲ್ಲ, ಡಬ್ಬಿಯ ತಳಕ್ಕೆ ಹುರಿದ ಅಕ್ಕಿಕಾಳು ಒಂದು ಚಮಚ ಹಾಕಿಡಿ. ಇದು ದೊಡ್ಡಕ್ಕ ಕಲಿಸಿದ್ದು.)

ಆ ವರ್ಷದ ಹೆಂಗಸರು

ಇಷ್ಟೆಲ್ಲ ಜಾಣತನ ಇದ್ದರೂ ಖರ್ಚು ಕೈಮೀರಿತ್ತು. ಈ ಧಾರಾವಾಹಿ ತಯಾರಾಗುತ್ತಿದ್ದುದು 'ಡೆಸಿಲೂ' ಎಂಬ ಕಂಪನಿಯಲ್ಲಿ. ಅದರ ಯಜಮಾನಿ ಲೂಸಿಲ್ ಬಾಲ್. 1951ರಲ್ಲಿ ಶುರುವಾದ 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿಯಲ್ಲಿ ಪೆದ್ದು ಗೃಹಿಣಿಯ ಪಾತ್ರ ಮಾಡಿ ಇಡೀ ಅಮೆರಿಕವನ್ನು ನಗಿಸಿದವಳು. ಡೆಸಿ ಎಂಬುದು ಗಂಡನ ಹೆಸರು, ಲೂ ಎಂಬುದು ಅವಳದು. ಎರಡೂ ಸೇರಿ ಕಂಪನಿ. 1960ರಲ್ಲಿ ಮದುವೆ ಮುರಿಯಿತು. 1962ರಲ್ಲಿ ಗಂಡನ ಪಾಲನ್ನೂ ತಾನೇ ಕೊಂಡು ಕಂಪನಿ ನಡೆಸಿದಳು. ಅಲ್ಲಿ ಅಷ್ಟು ದೊಡ್ಡ ಸ್ಟುಡಿಯೋವನ್ನು ಹೆಂಗಸೊಬ್ಬಳು ನಡೆಸಿದ್ದು ಅದೇ ಮೊದಲು.

1964ರ ಕೊನೆಯಲ್ಲಿ ತಯಾರಾದ ಮೊದಲ ಮಾದರಿ ಕಂತನ್ನು ವಾಹಿನಿಯವರು ಒಪ್ಪಲಿಲ್ಲ. 1965ರಲ್ಲಿ ಎರಡನೆಯದನ್ನು ಮಾಡಿ ಕೊಡಬೇಕಾಯಿತು. 1966ರ ಫೆಬ್ರವರಿಯಲ್ಲಿ ವಾಹಿನಿಯವರು ಹೂಂ ಎಂದರು. ಆದರೆ ಕಂಪನಿಯ ಆಡಳಿತ ಮಂಡಳಿಯ ಗಂಡಸರು, ಇದು ಮನೆ ಮುಳುಗಿಸುವ ಕೆಲಸ, ಬೇಡ ಎಂದರಂತೆ. ಲೂಸಿಲ್ ಬಾಲ್ ಮಾತ್ರ, ಆಗಲಿ ಎಂದಳು ಎಂದು ಜೊತೆಯಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ತಮಾಷೆಯೆಂದರೆ, 'ಸ್ಟಾರ್' ಎಂದರೆ ಸಿನಿಮಾ ತಾರೆಯರು, ಅವರು ಊರೂರು ತಿರುಗುವ ಕಥೆ ಎಂದು ಅವಳು ಮೊದಲು ತಿಳಿದಿದ್ದಳಂತೆ! ತಿಳಿದೋ ತಿಳಿಯದೆಯೋ, ಅವಳು ಆಡಿದ ಒಂದು 'ಆಗಲಿ'ಗೆ ಅರವತ್ತು ವರ್ಷ ಆಯುಸ್ಸು ಬಂತು. ಮರುವರ್ಷ, 1967ರಲ್ಲಿ, ಅವಳು ಕಂಪನಿಯನ್ನೇ ಮಾರಿದಳು. ಲಾಭ ಉಂಡವರು ಬೇರೆ.

ಎರಡನೆಯವಳು ಮೇಜಲ್ ಬ್ಯಾರೆಟ್. ಒಪ್ಪಿಗೆಯಾಗದ ಆ ಮೊದಲ ಕಂತಿನಲ್ಲಿ ಅವಳದು ನೌಕೆಯ ಎರಡನೇ ಅಧಿಕಾರಿಯ ಪಾತ್ರ. ಕ್ಯಾಪ್ಟನ್ ಇಲ್ಲದಾಗ ಗಂಡಸರಿಗೆಲ್ಲ ಆಜ್ಞೆ ಕೊಡುವ ಹೆಂಗಸು. ಮುಂದೆ ಧಾರಾವಾಹಿ ಬಂದಾಗ ಆ ಪಾತ್ರವೇ ಇರಲಿಲ್ಲ. 1966ರಲ್ಲಿ ಅವಳು ಕೂದಲ ಬಣ್ಣ ಬದಲಿಸಿಕೊಂಡು ಮರಳಿ ಬಂದಳು. ಈ ಸಲ ನರ್ಸ್ ಆಗಿ. ಅಧಿಕಾರಿಯ ಕುರ್ಚಿಯಿಂದ ರೋಗಿಯ ಮಂಚದ ಪಕ್ಕಕ್ಕೆ! ಆದರೆ ಇನ್ನೊಂದು ಕೆಲಸವೂ ಅವಳಿಗೆ ಸಿಕ್ಕಿತು. ಆ ನೌಕೆಯ ಕಂಪ್ಯೂಟರ್ ಮಾತಾಡುತ್ತದಲ್ಲ, ಆ ದನಿ ಅವಳದು. ಮುಂದೆ ಬಂದ ಹಲವು ಸ್ಟಾರ್ ಟ್ರೆಕ್‌ಗಳಲ್ಲೂ ಅದೇ ದನಿ. 2008ರ ಡಿಸೆಂಬರಿನಲ್ಲಿ ಅವಳು ತೀರಿಕೊಂಡಳು. ಆಮೇಲೆ, 2009ರಲ್ಲಿ ಬಂದ ಸಿನಿಮಾದಲ್ಲೂ ನೌಕೆ ಅವಳ ದನಿಯಲ್ಲೇ ಮಾತಾಡಿತು. ಮುಖ ಮರೆಯಾದರೂ ಮಾತು ಉಳಿಯಿತು.

ಮೂರನೆಯವಳು ನಿಶೆಲ್ ನಿಕೋಲ್ಸ್, ಕರಿಯ ಜನಾಂಗದ ನಟಿ. ಅಲ್ಲಿ ಕರಿಯರ ಹೆಂಗಸು ತೆರೆಯ ಮೇಲೆ ಬಂದರೆ ಹೆಚ್ಚಾಗಿ ಮನೆಗೆಲಸದವಳಾಗಿಯೇ ಬರಬೇಕಿದ್ದ ಕಾಲ ಅದು. ಇವಳು ನೌಕೆಯ ಸಂಪರ್ಕ ಅಧಿಕಾರಿ ಉಹುರಾ ಆದಳು. ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ 'ಉಹುರು' ಎಂದರೆ ಸ್ವಾತಂತ್ರ್ಯ. ಆದರೆ ಬರಬರುತ್ತಾ ಅವಳ ಮಾತುಗಳನ್ನು ಕತ್ತರಿಸಿ ಕತ್ತರಿಸಿ, ಒಂದೆರಡು ಸಾಲು ಮಾತ್ರ ಉಳಿಸತೊಡಗಿದರು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಬೇಸತ್ತು, ಬಿಡುತ್ತೇನೆ ಎಂದಳು. ಆಗಲೇ ಒಂದು ಸಮಾರಂಭದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕರು. ನಮ್ಮ ಮನೆಯ ಮಕ್ಕಳನ್ನು ಎಚ್ಚರವಿಟ್ಟು ತೋರಿಸುವ ಧಾರಾವಾಹಿ ಇದೊಂದೇ, ನೀನು ಬಿಡಕೂಡದು ಎಂದು ಅವರು ಹೇಳಿದರೆಂದು ಅವಳೇ ಮುಂದೆ ಎಷ್ಟೋ ಕಡೆ ಹೇಳಿದ್ದಾಳೆ. ಉಳಿದಳು. 1977ರಲ್ಲಿ ನಾಸಾ ಸಂಸ್ಥೆ ಹೊಸ ಗಗನಯಾತ್ರಿಗಳನ್ನು ಹುಡುಕುವಾಗ, ಹೆಂಗಸರೂ ಕರಿಯರೂ ಅರ್ಜಿ ಹಾಕಿ ಎಂದು ಊರೂರಿಗೆ ಹೋಗಿ ಕರೆದದ್ದು ಇವಳೇ. 1978ರಲ್ಲಿ ಆರಿಸಿದ 35 ಮಂದಿಯಲ್ಲಿ 6 ಜನ ಹೆಂಗಸರು. ಅವರಲ್ಲೊಬ್ಬಳು ಸ್ಯಾಲಿ ರೈಡ್, 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ.

ಡಿ.ಸಿ. ಎಂದರೆ ಯಾರು?

ಈಗ ನನ್ನ ಹೊಟ್ಟೆಯೊಳಗಿನ ಮಾತಿನ ಹತ್ತಿರ ಬಂದೆ.

ಎಷ್ಟೋ ಕಂತುಗಳಲ್ಲಿ ಲೇಖಕರ ಹೆಸರು 'ಡಿ.ಸಿ. ಫಾಂಟಾನಾ' ಎಂದು ಬರುತ್ತಿತ್ತು. ನಮ್ಮ ಕಡೆ ಡಿ.ಸಿ. ಎಂದರೆ ಜಿಲ್ಲಾಧಿಕಾರಿ ತಾನೇ! "ಯಾರೇ ಈ ಡಿ.ಸಿ. ಸಾಹೇಬ್ರು?" ಎಂದೆ. ಮೊಮ್ಮಗಳು ನಕ್ಕಳು. "ಅಜ್ಜೀ, ಸಾಹೇಬ್ರಲ್ಲ, ಹೆಂಗಸು. ಡೊರೊತಿ ಕ್ಯಾಥರೀನ್ ಫಾಂಟಾನಾ."

ಸ್ಟಾರ್ ಟ್ರೆಕ್ ಕಟ್ಟಿದ ಜೀನ್ ರಾಡನ್‌ಬೆರಿಯವರ ಬಳಿ ಸೆಕ್ರೆಟರಿಯಾಗಿದ್ದವಳು ಅವಳು. ಟೈಪು ಮಾಡುವುದು ಅವಳ ಕೆಲಸ. ಆದರೆ ಕೈಯಲ್ಲಿ ಕಥೆಯಿತ್ತು. ಇಪ್ಪತ್ತೊಂದನೇ ವಯಸ್ಸಿನಲ್ಲೇ ಟಿ.ವಿ.ಗೆ ಕಥೆ ಮಾರಿದ್ದಳು. ಹೆಣ್ಣಿನ ಹೆಸರು ಕಂಡ ಕೂಡಲೇ ಇವಳಿಂದ ಸಾಹಸದ ಕಥೆ ಎಲ್ಲಿ ಸಾಧ್ಯ ಎಂದು ಬದಿಗಿಡುತ್ತಾರೆಂದು, ಹೆಸರನ್ನು ಎರಡು ಅಕ್ಷರಗಳ ಹಿಂದೆ ಅಡಗಿಸಿದಳು. ಓದಿದ ಮೇಲೆ ಬೇಕಾದರೆ ತಿಳಿಯಲಿ, ಓದುವ ಮೊದಲು ಬೇಡ! 1966ರ ಸೆಪ್ಟೆಂಬರ್ 15ರಂದು, ಎಂದರೆ ಎರಡನೇ ವಾರವೇ, ಅವಳು ಚಿತ್ರಕಥೆ ಬರೆದ ಕಂತು ಬಂತು. ಅದೇ ವರ್ಷ ಮುಗಿಯುವ ಹೊತ್ತಿಗೆ ಇಡೀ ಧಾರಾವಾಹಿಯ ಕಥಾ ಸಂಪಾದಕಿಯಾದಳು. ಆಗ ಅವಳಿಗೆ ವಯಸ್ಸು 27. ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ ಇನ್ನು ಅವಳದು.

ಸ್ಪಾಕನಿಗೆ ಅಪ್ಪ ಅಮ್ಮ ಎಂದು ಇಬ್ಬರನ್ನು ಕೊಟ್ಟವಳೂ ಅವಳೇ, 1967ರಲ್ಲಿ. ಅಪ್ಪ ಅನ್ಯಗ್ರಹದವನು, ಬಿಗುಮಾನಿ. ಮಗನ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ. ಅಮ್ಮ ಭೂಮಿಯವಳು, ನಡುವೆ ಬೇಯುವವಳು. ಅಪ್ಪನಿಗೆ ಜೀವಕ್ಕೆ ಬಂದಾಗ ಮಗ ರಕ್ತ ಕೊಡಬೇಕು. ಅವನೋ, ನೌಕೆಯ ಹೊಣೆ ಬಿಟ್ಟು ಬರಲಾರೆ ಎಂದು ನಿಯಮ ಹೇಳುತ್ತಾನೆ. ಆಗ ಆ ತಾಯಿ ಮಗನ ಕೆನ್ನೆಗೆ ಫಟೀರೆಂದು ಒಂದು ಕೊಡುತ್ತಾಳೆ! ಎಷ್ಟೇ ನಕ್ಷತ್ರ ದಾಟಿದರೂ ಒಂದು ಸಂಸಾರದ ಒಳಗುದಿ ಹೀಗೇ ಇರುತ್ತದೆಂದು ಬರೆಯಲು ಆ ಡಿ.ಸಿ.ಯೇ ಬೇಕಾಯಿತು. 2019ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಎರಡು ಅಕ್ಷರಗಳ ಹಿಂದೆ ಯಾರಿದ್ದರೆಂದು ಲೋಕಕ್ಕೆಲ್ಲ ಗೊತ್ತಾಗಿತ್ತು.

ನೋಡುವವರ ಸಾಲಿನಲ್ಲೂ ಒಬ್ಬಳಿದ್ದಳು. ಎರಡನೇ ವರ್ಷ ಧಾರಾವಾಹಿ ನಿಂತುಹೋಗುತ್ತದೆಂಬ ಸುದ್ದಿ ಬಂದಾಗ ಬಿಜೋ ಟ್ರಿಂಬಲ್ ಎಂಬಾಕೆ ಗಂಡ ಜಾನ್ ಜೊತೆ ಸೇರಿ, ಎಲ್ಲರೂ ವಾಹಿನಿಗೆ ಕಾಗದ ಬರೆಯಿರಿ ಎಂದು ದೇಶವಿಡೀ ಕರೆ ಕಳಿಸಿದಳು. ಗುಡ್ಡೆ ಗುಡ್ಡೆ ಕಾಗದ ಬಿತ್ತು. 1968ರ ಮಾರ್ಚ್ 1ರಂದು ವಾಹಿನಿಯವರು ಟಿ.ವಿ.ಯಲ್ಲೇ, ನಿಲ್ಲಿಸುವುದಿಲ್ಲ, ಮುಂದುವರಿಸುತ್ತೇವೆ ಎಂದು ಹೇಳಬೇಕಾಯಿತು. 1969ರಲ್ಲಿ 79 ಕಂತಿಗೆ ಕೊನೆಗೂ ನಿಂತಿತು, ಆದರೆ ಆ ಮೂರನೇ ವರ್ಷ ಕಾಗದದಿಂದ ಗಳಿಸಿದ್ದು. ಪತ್ರಿಕೆಗೆ ಕಾಗದ ಬರೆಯಲು ಅಂಜುವ ಗೆಳತಿಯರೇ, ಕೇಳಿಸಿತೇ?

ನಮ್ಮವಳೊಬ್ಬಳನ್ನೂ ಮರೆಯಬಾರದು. 1979ರಲ್ಲಿ ಸ್ಟಾರ್ ಟ್ರೆಕ್ ಮೊದಲ ಸಲ ಸಿನಿಮಾ ಆದಾಗ ಅದರಲ್ಲಿ ಮುಖ್ಯ ಪಾತ್ರ ಮಾಡಿದವಳು ಮುಂಬಯಿಯ ಪರ್ಸಿಸ್ ಖಂಬಾಟಾ, 1965ರ ಮಿಸ್ ಇಂಡಿಯಾ. ಆ ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡಳು. ನಮ್ಮ ದೇಶದಲ್ಲಿ ಹೆಣ್ಣಿನ ತಲೆ ಬೋಳಿಸುವುದಕ್ಕೆ ಇದ್ದ ಅರ್ಥ ನಿಮಗೆ ಬಿಡಿಸಿ ಹೇಳಬೇಕಿಲ್ಲ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರು 'ಫಣಿಯಮ್ಮ' ಬರೆದು ಆಗ ಬಹಳ ವರ್ಷಗಳೇನೂ ಆಗಿರಲಿಲ್ಲ. ಇವಳು ತಾನಾಗಿ ಬೋಳಿಸಿಕೊಂಡು ತಲೆಯೆತ್ತಿ ನಿಂತಳು.

ನನ್ನ ಕೈಬರಹ

ಈಗ ತಪ್ಪೊಪ್ಪಿಗೆ.

ಭಾನುವಾರದ ಆ ಅರ್ಧಂಬರ್ಧ ಕಥೆಗಳನ್ನು ಕೇಳಿ ಕೇಳಿ ದೊಡ್ಡಕ್ಕನಿಗೆ ತಲೆಯಲ್ಲಿ ಏನೋ ಹೊಳೆಯಿತು. 1986ರ ರಾಜ್ಯೋತ್ಸವಕ್ಕೆ ನಮ್ಮ ಸಾಲಿನ ಹೆಂಗಸರು ಒಂದು ನಾಟಕ ಆಡಬೇಕೆಂದಿತ್ತು. ಮಗನ ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ, ಹಾಲಿನವನ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ನಾಟಕ ಬರೆದರು. ಅತ್ತೆ ಸೊಸೆ ಚಂದ್ರಲೋಕಕ್ಕೆ ಹೋಗಿ ಸಂಸಾರ ಹೂಡುವ ಕಥೆ. "ಚಂದ್ರನಲ್ಲಿ ಗಾಳಿ ಇಲ್ವಂತೆ, ಒಲೆ ಹೇಗೋ ಉರಿಯುತ್ತೆ?" ಎಂದು ಹೈಸ್ಕೂಲಿನ ಹುಡುಗರನ್ನು ಕೇಳಿ, ಅತ್ತೆ ಸೊಸೆಗೆ ಗಾಳಿ ತುಂಬಿದ ಗಾಜಿನ ಮನೆ ಕಟ್ಟಿಸಿದರು. ಅಲ್ಲಿ ತೂಕ ಇಲ್ಲಿಯ ಆರರಲ್ಲೊಂದು ಪಾಲು ಎಂದು ತಿಳಿದ ಮೇಲಂತೂ ಹಬ್ಬ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಸೂರು ಮುಟ್ಟಿ ನಿಧಾನಕ್ಕೆ ಕೆಳಗೆ ಬರುವಷ್ಟರಲ್ಲಿ ಅತ್ತೆ ಸೊಸೆ ಒಂದು ಪೂರಾ ಜಗಳ ಮುಗಿಸಿ ರಾಜಿಯಾಗಿರುತ್ತಾರೆ! ಆಡಿದ ರಾತ್ರಿ ಜನ ಬಿದ್ದು ಬಿದ್ದು ನಕ್ಕರು.

ನನ್ನ ಅಕ್ಷರ ದುಂಡು. ಹಾಗಾಗಿ ಪ್ರತಿ ಮಾಡುವ ಕೆಲಸ ನನ್ನದು. ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಿದೆ. ಉತ್ಸವದ ಏರ್ಪಾಟು ನೋಡುತ್ತಿದ್ದವರೊಬ್ಬರು ಬಂದು, "ಹೆಂಗಸರು ಬರೆದದ್ದು ಅಂದ್ರೆ ಹಗುರ ಆಗುತ್ತೆ ಕಣಮ್ಮ, ಯಜಮಾನರ ಹೆಸರು ಹಾಕಿ, ತೂಕ ಇರುತ್ತೆ" ಎಂದರು. ದೊಡ್ಡಕ್ಕ ಸಾರು ಕಲಕುತ್ತಿದ್ದರು. "ಅಕ್ಕಾ, ಏನು ಹಾಕ್ಲಿ?" ಎಂದೆ. ತಿರುಗಿ ನೋಡದೆ, "ಎಂಥದಾದ್ರೂ ಹಾಕು ಮಾರಾಯ್ತಿ" ಎಂದರು. ನಾನು 'ರಚನೆ' ಎಂದು ಬರೆದು, ಮುಂದೆ ಭಾವನವರ ಹೆಸರು ಬರೆದೆ. ದುಂಡಾಗಿ. ಮೂರು ಪ್ರತಿಗೂ ಮೂಡುವ ಹಾಗೆ ಒತ್ತಿ.

ಸ್ಮರಣ ಸಂಚಿಕೆಯಲ್ಲೂ ಹಾಗೇ ಅಚ್ಚಾಯಿತು. ವೇದಿಕೆಯ ಮೇಲೆ ಭಾವನವರಿಗೆ ಶಾಲು, ತೆಂಗಿನಕಾಯಿ. ಪಾಪ, ಅವರು ಒಳ್ಳೆಯವರು. ಮನೆಗೆ ಬಂದು ಆ ಶಾಲನ್ನು ದೊಡ್ಡಕ್ಕನ ಹೆಗಲಿಗೆ ಹೊದಿಸಿದರು. ಆದರೆ ಅಲ್ಲಿ ಚಪ್ಪಾಳೆ ತಟ್ಟಲು ನಾನೊಬ್ಬಳೇ ಇದ್ದೆ. ನಾನೂ ತಟ್ಟಲಿಲ್ಲ.

ಆಮೇಲೆ ದೊಡ್ಡಕ್ಕ ಇನ್ನೊಂದು ನಾಟಕ ಬರೆಯಲಿಲ್ಲ. ಪುರುಸೊತ್ತಿಲ್ಲ ಎಂದರು. ನಾನೂ ಅದನ್ನೇ ನಂಬಿದೆ, ನಂಬುವುದು ಸುಲಭವಾಗಿತ್ತು. ಸಂಪರ್ಕ ಅಧಿಕಾರಿ ಉಹುರಾಳಿಗೆ, ಬಿಡಬೇಡ ಎನ್ನಲು ಒಬ್ಬರು ಸಿಕ್ಕರು. ದೊಡ್ಡಕ್ಕನಿಗೆ ಆ ಮಾತು ಹೇಳಬೇಕಾಗಿದ್ದವಳು ಪಕ್ಕದಲ್ಲೇ ರೊಟ್ಟಿ ತಟ್ಟುತ್ತಾ ಕೂತಿದ್ದೆ. ಡಿ.ಸಿ. ತನ್ನ ಹೆಸರನ್ನು ತಾನೇ ಅಡಗಿಸಿದ್ದು, ಕಥೆ ಓದಲಿ ಎಂದು. ದೊಡ್ಡಕ್ಕನ ಹೆಸರನ್ನು ಅಡಗಿಸಿದ್ದು ನಾನು, ಯಾರಿಗೂ ಬೇಸರವಾಗದಿರಲಿ ಎಂದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಶಿವಮೊಗ್ಗದಲ್ಲಿ ತುಂಗೆ, ಭದ್ರಾವತಿಯಲ್ಲಿ ಭದ್ರೆ. ಎರಡೂ ಕೂಡ್ಲಿಯಲ್ಲಿ ಸೇರುತ್ತವೆ. ಸೇರಿದ ಮೇಲೂ ಎರಡರ ಹೆಸರೂ ಉಳಿದಿದೆ ಎಂಬುದನ್ನು ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದರೂ ನಾನು ಯೋಚಿಸಿರಲಿಲ್ಲ.

ದೊಡ್ಡಕ್ಕನಿಗೆ ಈಗ ಎಂಬತ್ತು ದಾಟಿದೆ. ಭಾವನವರಿಲ್ಲ. ಕಣ್ಣು ಸ್ವಲ್ಪ ಮಂದ, ಬಾಯಿ ಮಾತ್ರ ಹಾಗೇ ಇದೆ. ಮೊಮ್ಮಗಳು ಫೋನನ್ನು ಅವರ ಕಣ್ಣ ಹತ್ತಿರ ಹಿಡಿದು ಆ ತಾಯಿ ಮಗನ ಕಂತನ್ನು ತೋರಿಸಿ, ಕನ್ನಡದಲ್ಲಿ ಹೇಳುತ್ತಾ ಹೋದಳು. ಕೆನ್ನೆಗೆ ಕೊಟ್ಟ ಜಾಗ ಬಂದಾಗ ದೊಡ್ಡಕ್ಕ ತೊಡೆ ತಟ್ಟಿ ನಕ್ಕರು. "ಆ ಕಿವಿಯವನಿಗೆ ಅಮ್ಮ ಇದ್ಲು ಅಂತ ಆ ಹುಡುಗರು ಒಬ್ಬರಾದ್ರೂ ನಂಗೆ ಹೇಳ್ಲಿಲ್ಲ ನೋಡೇ!"

ನಾನು ನಡೆದದ್ದನ್ನೆಲ್ಲ ಹೇಳಿ, ತಪ್ಪಾಯ್ತು ಅಕ್ಕಾ ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. "ನಲವತ್ತು ವರ್ಷ ಬೇಕಾಯ್ತಾ ನಿಂಗೆ?" ಎಂದರು. ಆಮೇಲೆ ಎದ್ದು ಹೋಗಿ ಟ್ರಂಕಿನ ತಳದಿಂದ ಆ ಲೆಕ್ಕದ ಪುಸ್ತಕ ತಂದರು. ಇಟ್ಟುಕೊಂಡಿದ್ದರು! ಪೆನ್ಸಿಲು ಮಾಸಿದೆ, ಹಾಲಿನ ಲೆಕ್ಕ ಇನ್ನೂ ಕಾಣುತ್ತದೆ. ಜೊತೆಗೆ ನಾಟಕವಾದ ಮೇಲೆ ಶುರುಮಾಡಿ ಬಿಟ್ಟ ಇನ್ನೊಂದರ ನಾಲ್ಕು ಪುಟವೂ ಇತ್ತು. ಅದರ ಮಾತು ನಾವಿಬ್ಬರೂ ಆಡಲಿಲ್ಲ.

"ನಾನು ಪತ್ರಿಕೆಗೆ ಬರೀತೀನಿ, ನಿಮ್ಮ ಹೆಸರು ಹಾಕ್ತೀನಿ" ಎಂದೆ.

"ಪತ್ರಿಕೆಗೆಲ್ಲ ಬೇಡ. ಊರಿಗೆಲ್ಲ ಈಗ ಯಾಕೆ? ಇದರ ಮೇಲೆ ಬರಿ. ಮಕ್ಕಳು ಮೊಮ್ಮಕ್ಕಳು ನೋಡಿದ್ರೆ ಸಾಕು."

ಹಾಗಾಗಿ ಗೆಳತಿಯರೇ, ಅವರ ಹೆಸರು ನಿಮಗೆ ಹೇಳುವಂತಿಲ್ಲ. ಆದರೆ ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಪುಸ್ತಕ ಇರಬಹುದು. ಅಮ್ಮ ಕಟ್ಟಿದ ಹಸೆಹಾಡೋ, ಅತ್ತೆಯ ಕೈಬರಹದ ಮದ್ದಿನ ಪಟ್ಟಿಯೋ, ಯಾರ ಹೆಸರಿನಲ್ಲೋ ಓಡಾಡುತ್ತಿರುವ ಒಂದು ಅಡುಗೆಯೋ. ತೆಗೆದು ನೋಡಿ. ಯಾರದೆಂದು ಬರೆದಿಡಿ. ಅವರು ಇರುವಾಗಲೇ ಬರೆದರೆ ಇನ್ನೂ ಒಳ್ಳೆಯದು.

ಮೊಮ್ಮಗಳು ಪೆನ್ನು ಕೊಟ್ಟಳು. ಮೊದಲ ಪುಟದ ಮೇಲೆ 'ರಚನೆ' ಎಂದು ಬರೆದೆ. ಕೈ ಸ್ವಲ್ಪ ನಡುಗುತ್ತದೆ ಈಗ, ಮೊದಲಿನ ದುಂಡು ಇಲ್ಲ. ನಿಲ್ಲಿಸಿ ಕೇಳಿದೆ: "ಅಕ್ಕಾ, ಇನಿಷಿಯಲ್ ಯಾವುದು ಹಾಕ್ಲಿ? ಅಪ್ಪಂದೋ, ಭಾವಂದೋ?"

"ಎರಡೂ ಬೇಡ ಮಾರಾಯ್ತಿ," ಎಂದರು ದೊಡ್ಡಕ್ಕ. "ಹೆಸರು ಸಾಕು."